ದೊಡ್ಡ ಮನೆಯವರ ಗುಂಡಿನ ಕೇಸು: ಎಲ್ಲಿ ಸೋರುತ್ತದೆ, ಎಲ್ಲಿ ಬಿಗಿ ಮಾಡಬೇಕು

1999ರ ಏಪ್ರಿಲ್ 29ರ ರಾತ್ರಿ, ದೆಹಲಿಯ ಮೆಹ್ರೌಲಿಯಲ್ಲಿ ಕುತುಬ್ ಕೊಲೊನೇಡ್ ಕಟ್ಟಡದ ಟ್ಯಾಮರಿಂಡ್ ಕೋರ್ಟ್ ರೆಸ್ಟೊರೆಂಟಿನಲ್ಲಿ ಪಾರ್ಟಿ. ಗಂಟೆ ಎರಡರ ಆಸುಪಾಸು, ಅಂದರೆ 30ನೇ ತಾರೀಕು ಆಗಲೇ ಶುರುವಾಗಿತ್ತು. ಬಾರ್ ಮುಚ್ಚಿದೆ, ಇನ್ನು ಮದ್ಯ ಕೊಡುವುದಿಲ್ಲ ಎಂದರು ಅಂದು ಅಲ್ಲಿ ಮದ್ಯ ಬಡಿಸುತ್ತಿದ್ದ ರೂಪದರ್ಶಿ ಜೆಸ್ಸಿಕಾ ಲಾಲ್. .22 ಪಿಸ್ತೂಲಿನ ಮೊದಲ ಗುಂಡು ಚಾವಣಿಗೆ ಹೋಯಿತು, ಎರಡನೆಯದು ಅವರ ತಲೆಗೆ. ಹಾರಿಸಿದವನು ಮನು ಶರ್ಮಾ ಎಂಬ ಸಿದ್ಧಾರ್ಥ ವಶಿಷ್ಠ, ರಾಜಕಾರಣಿ ವಿನೋದ್ ಶರ್ಮಾ ಅವರ ಮಗ. ಹೀಗೆಂದು ಖಚಿತವಾಗಿ ಬರೆಯಲು ಕೋರ್ಟುಗಳಿಗೆ ಹನ್ನೊಂದು ವರ್ಷ ಹಿಡಿಯಿತು. 2006ರ ಫೆಬ್ರವರಿ 21ರಂದು ವಿಚಾರಣಾ ನ್ಯಾಯಾಲಯ ಒಂಬತ್ತೂ ಆರೋಪಿಗಳನ್ನು ಖುಲಾಸೆ ಮಾಡಿತು. ಅದೇ ವರ್ಷ ಡಿಸೆಂಬರ್ 18ಕ್ಕೆ ದೆಹಲಿ ಹೈಕೋರ್ಟ್ ಅದನ್ನು ತಿರುಗಿಸಿ, 20ಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. 2010ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಕಡತ ಅದೇ, ಸಾಕ್ಷಿಗಳು ಅವರೇ, ತೀರ್ಪು ಮಾತ್ರ ಎರಡು. ಆದ್ದರಿಂದ ಹಣ ಮತ್ತು ಮನೆತನದ ಬಲ ಒಂದು ಕೊಲೆ ಕೇಸಿನೊಳಗೆ ಯಾವ ಸಂದಿಯಿಂದ ನುಗ್ಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ದುಡ್ಡು ಜಡ್ಜ್ ಕೊಠಡಿ ಮುಟ್ಟುತ್ತದೆ ಎಂದು ಜನ ಶಂಕಿಸುತ್ತಾರೆ. ಬಹುತೇಕ ಅಷ್ಟು ದೂರ ಹೋಗುವ ಅಗತ್ಯವೇ ಬೀಳುವುದಿಲ್ಲ, ಅದಕ್ಕೂ ಮುಂಚೆ ಕಾಗದದಲ್ಲೇ ಕೆಲಸ ಮುಗಿದಿರುತ್ತದೆ. ಕೆಳಗಿನದು ಮೃತರ ಮನೆಯವರಿಗೆ, ಕಣ್ಣಾರೆ ಕಂಡವರಿಗೆ ಮತ್ತು ಅವರ ಬೆನ್ನಿಗೆ ನಿಲ್ಲುವವರಿಗೆ ಬರೆದದ್ದು. ಕಲಂಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಗಳವು: ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್), ಭಾರತೀಯ ಸಾಕ್ಷ್ಯ ಅಧಿನಿಯಮ. ಅದಕ್ಕೂ ಹಿಂದಿನ ಕೊಲೆಗೆ ಇಂದಿಗೂ ಐಪಿಸಿ 302ನೇ ಕಲಮೇ.

ಮೊದಲ ಮೂರು ದಿನ

ಎಫ್‌ಐಆರ್‌ನಿಂದ ಶುರು ಮಾಡಿ. ದೂರು ಕೊಟ್ಟವರಿಗೆ ಅದರ ಪ್ರತಿ ಉಚಿತ, ಬಿಎನ್‌ಎಸ್‌ಎಸ್ 173(2). ಯಾವ ಠಾಣೆಯ ಸರಹದ್ದು ಎಂಬ ತಗಾದೆ ಎದ್ದರೆ ಝೀರೋ ಎಫ್‌ಐಆರ್ ಕೇಳಿ. ಮಿಂಚಂಚೆಯಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಓದುವಾಗ ಮೂರು ವಿಷಯ ನೋಡಿ: ಘಟನೆ ನಡೆದ ಹೊತ್ತಿಗೂ ದಾಖಲಾದ ಹೊತ್ತಿಗೂ ಎಷ್ಟು ಅಂತರ, ಆರೋಪಿಯ ಹೆಸರು ಅಥವಾ ಚಹರೆ ಮೊದಲ ದಿನವೇ ಇದೆಯೇ, ಹೇಳಿಕೆ ಯಾವ ಭಾಷೆಯಲ್ಲಿದೆ.

ಮೂರನೆಯದು ಚಿಲ್ಲರೆ ವಿಷಯ ಅನ್ನಿಸಬಹುದು. ಜೆಸ್ಸಿಕಾ ಪ್ರಕರಣದಲ್ಲಿ ಎಫ್‌ಐಆರ್ ಹುಟ್ಟಿದ್ದು ಪ್ರತ್ಯಕ್ಷದರ್ಶಿ ಶ್ಯಾನ್ ಮುನ್ಶಿ ಕೊಟ್ಟ ಹೇಳಿಕೆಯ ಮೇಲೆ. ಹೇಳಿಕೆ ಇದ್ದದ್ದು ಹಿಂದಿಯಲ್ಲಿ. ಕಟಕಟೆಗೆ ಬಂದಾಗ ಆತ, ತನಗೆ ಹಿಂದಿ ಬಾರದು, ಬರೆದದ್ದೇನೆಂದು ಗೊತ್ತಿಲ್ಲ ಎಂದ. ಹಾರಿಸಿದವರು ಇಬ್ಬರು ಎಂದೂ ಸೇರಿಸಿದ. ಒಂದು ಭಾಷೆಯ ಸಂದಿಯಲ್ಲಿ ಇಡೀ ಕೇಸಿನ ಮೊದಲ ಕಾಗದವೇ ಅಲ್ಲಾಡಿತು. ಆದ್ದರಿಂದ ಹೇಳಿಕೆ ಕೊಡುವವರು ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ, ಇಂಗ್ಲಿಷಿನಲ್ಲಿ ಹೇಳಿದರೆ ಇಂಗ್ಲಿಷಿನಲ್ಲೇ ಬರೆಸಿ. ಬೇರೆ ಭಾಷೆಗೆ ತಿರುಗಿಸಿದ್ದರೆ ಯಾರು ಓದಿ ಹೇಳಿದರು ಎಂಬ ಒಂದು ಸಾಲು, ಅವರ ಸಹಿ, ಸಮಯ ಇರಲಿ.

ಆಮೇಲೆ ಸ್ಥಳ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೊ ಆಗಬೇಕು ಎನ್ನುತ್ತದೆ ಬಿಎನ್‌ಎಸ್‌ಎಸ್ 176(3). ಜಪ್ತಿಯ ಚಿತ್ರೀಕರಣಕ್ಕೆ 105. ನೆಲ ತೊಳೆಯಲು, ಟೇಬಲ್ ಸರಿಸಲು ಬಿಡಬೇಡಿ. ಸ್ಥಳದ ಮಾಲೀಕರು “ನಾಳೆ ಅಂಗಡಿ ತೆರೆಯಬೇಕು” ಎಂದು ಅವಸರ ಮಾಡಿದರೆ ಠಾಣಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಾಹನವಿದ್ದರೆ ಕೀಲಿ, ಟಯರು, ಕಾವಲು ಮೂರನ್ನೂ ನೋಡಿಕೊಳ್ಳಿ. ಅಂದು ಸ್ಥಳದಲ್ಲೇ ನಿಂತಿದ್ದ ಕಪ್ಪು ಟಾಟಾ ಸಫಾರಿಯನ್ನು, ಕಾವಲಿಗಿದ್ದ ಹೋಮ್ ಗಾರ್ಡ್ ತಡೆಯಲು ನೋಡಿದರೂ, ಕಣ್ಣೆದುರೇ ಓಡಿಸಿಕೊಂಡು ಹೋದರು. ಅದು ಸಿಕ್ಕಿದ್ದು ನೋಯ್ಡಾದಲ್ಲಿ. ಒಳಗಿದ್ದ ಒಂದು ಸಜೀವ ಗುಂಡಿನ ಬುಡದಲ್ಲಿ ‘ಸಿ’ ಅಕ್ಷರ, ರೆಸ್ಟೊರೆಂಟಿನಲ್ಲಿ ಬಿದ್ದಿದ್ದ ಎರಡು ಖಾಲಿ ತೋಟಾಗಳ ಬುಡದಲ್ಲೂ ‘ಸಿ’. ಆ ಕಾರು ಸಿಗದೇ ಹೋಗಿದ್ದರೆ ಈ ಕೊಂಡಿಯೂ ಇರುತ್ತಿರಲಿಲ್ಲ.

ಸಿಸಿಟಿವಿ ಡಿವಿಆರ್‌ಗಳು ಸಾಮಾನ್ಯವಾಗಿ 15ರಿಂದ 30 ದಿನದಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತವೆ. ಅಕ್ಕಪಕ್ಕದ ಅಂಗಡಿ, ಎಟಿಎಂ, ಟೋಲ್, ಅಪಾರ್ಟ್‌ಮೆಂಟ್ ಗೇಟು, ಇವುಗಳ ಪಟ್ಟಿಯನ್ನು ಎರಡನೇ ದಿನವೇ ತನಿಖಾಧಿಕಾರಿಗೆ ಲಿಖಿತವಾಗಿ ಕೊಡಿ. ಪಟ್ಟಿ ಕೊಟ್ಟ ಮೇಲೂ ತರಿಸದಿದ್ದರೆ ಅದು ತನಿಖಾಧಿಕಾರಿಯ ಲೋಪವಾಗಿ ದಾಖಲೆಯಲ್ಲಿ ನಿಲ್ಲುತ್ತದೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಆರೋಪಿ ತಲೆಮರೆಸಿಕೊಂಡರೆ ಮೊದಲು ಹೋಗುವುದು ಕೈ ಮೇಲಿನ ಮದ್ದಿನ ಕಣ. ಬದುಕಿ ಓಡಾಡುವವರ ಕೈಯಲ್ಲಿ ಅದು ಕೆಲವೇ ಗಂಟೆ ನಿಲ್ಲುತ್ತದೆ, ಕೈ ತೊಳೆದರೆ ಅದೂ ಇಲ್ಲ. ಮನು ಶರ್ಮಾ ಶರಣಾದದ್ದು ಮೇ 6ರಂದು, ಆರು ದಿನದ ಮೇಲೆ. ಪಿಸ್ತೂಲು ಕಡೆಗೂ ಸಿಗಲಿಲ್ಲ. ಮೃತರ ಬಟ್ಟೆಯನ್ನು ಮಾತ್ರ ಯಾರೂ ತೊಳೆಯಬಾರದು, ಪ್ಲಾಸ್ಟಿಕ್ ಚೀಲಕ್ಕೂ ಹಾಕಬಾರದು. ತೇವ ಕಟ್ಟಿ ಬೂಸ್ಟು ಹಿಡಿಯುತ್ತದೆ. ನೆರಳಲ್ಲಿ ಆರಿಸಿ ಕಾಗದದ ಚೀಲಕ್ಕೆ ಹಾಕುವುದು ರೂಢಿ, ಅದೂ ಪೊಲೀಸರ ಕೈಯಲ್ಲೇ, ಮಹಜರಿನಲ್ಲಿ ಬರೆಸಿ.

ಸಾಕ್ಷಿ ತಿರುಗುವುದು

ದೊಡ್ಡವರ ಕೇಸು ಬೀಳುವುದು ಹೆಚ್ಚಾಗಿ ಇಲ್ಲೇ. ಜೆಸ್ಸಿಕಾ ಪ್ರಕರಣದಲ್ಲಿ ತಿರುಗಿಬಿದ್ದ 32 ಮಂದಿಯ ಮೇಲೆ ಹೈಕೋರ್ಟ್ ಕಣ್ಣಿಟ್ಟಿತು. ಸಾಕ್ಷಿಗಳನ್ನು ಒಲಿಸಿಕೊಳ್ಳಲಾಯಿತು ಎಂದು ತೋರಿಸುವ ಗುಪ್ತ ಕ್ಯಾಮೆರಾ ತನಿಖೆ 2006ರಲ್ಲಿ ಟಿವಿಯಲ್ಲಿ ಬಂದ ಮೇಲೆ ವಿನೋದ್ ಶರ್ಮಾ ಹರಿಯಾಣದ ಮಂತ್ರಿಗಿರಿ ಬಿಟ್ಟರು.

ಎಲ್ಲ ಸಾಕ್ಷಿಗಳೂ ದುಡ್ಡಿಗೇ ತಿರುಗುವುದಿಲ್ಲ ಎನ್ನುವುದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಒಬ್ಬನಿಗೆ ನೌಕರಿಯ ಭಯ, ಇನ್ನೊಬ್ಬನಿಗೆ ಆರು ವರ್ಷ ಅಲೆದ ಸುಸ್ತು. ಮತ್ತೊಬ್ಬನಿಗೆ ತನ್ನದೇ ಹುಳುಕು: ಟ್ಯಾಮರಿಂಡ್ ಕೋರ್ಟ್‌ನಲ್ಲಿ ಮದ್ಯಕ್ಕೆ ಪರವಾನಗಿ ಇರಲಿಲ್ಲ, ಹೀಗಾಗಿ ಅದರ ಒಡತಿ ಬೀನಾ ರಮಾನಿ ಸಾಕ್ಷಿಯಾಗಿಯೂ ಕೇಸು ಎದುರಿಸಬೇಕಾಯಿತು. ಆದರೂ ಅವರು, ಮಗಳು ಮಾಲಿನಿ, ಪತಿ ಜಾರ್ಜ್ ಮೇಲ್ಹಾಟ್ ಮಾತು ಬದಲಿಸಲಿಲ್ಲ. ದೀಪಕ್ ಭೋಜ್ವಾನಿ ಎಂಬ ಅತಿಥಿಯೂ ಬದಲಿಸಲಿಲ್ಲ. ಹೈಕೋರ್ಟ್ ನಿಂತದ್ದು ಈ ನಾಲ್ಕು ಕಂಬಗಳ ಮೇಲೆ. ನಿಮ್ಮ ಕಡೆಯ ಸಾಕ್ಷಿಗೆ ಸಣ್ಣಪುಟ್ಟ ಹುಳುಕಿದ್ದರೆ ಮುಚ್ಚಿಡಬೇಡಿ, ಮೊದಲೇ ಸರ್ಕಾರಿ ಅಭಿಯೋಜಕರಿಗೆ ಹೇಳಿ. ಪಾಟೀ ಸವಾಲಿನಲ್ಲಿ ಎದುರಿನ ವಕೀಲರ ಬಾಯಿಂದ ಬಂದರೆ ಕತ್ತಿ, ಮುಖ್ಯ ವಿಚಾರಣೆಯಲ್ಲಿ ತಾನೇ ಹೇಳಿದರೆ ಬರೀ ಮಾಹಿತಿ.

ಬಿಗಿ ಮಾಡುವ ಕ್ರಮ ಹೀಗೆ.

ಪೊಲೀಸರ ಮುಂದಿನ ಹೇಳಿಕೆ (ಬಿಎನ್‌ಎಸ್‌ಎಸ್ 180) ಸಹಿ ಇಲ್ಲದ್ದು, ಕೋರ್ಟಿನಲ್ಲಿ ಅಲ್ಲಗಳೆಯುವುದು ಸುಲಭ. ಮುಖ್ಯ ಪ್ರತ್ಯಕ್ಷದರ್ಶಿಗಳ ಹೇಳಿಕೆ ಮ್ಯಾಜಿಸ್ಟ್ರೇಟರ ಮುಂದೆ, 183ರ ಅಡಿ ಆಗಲಿ. ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ, ಜೀವಾವಧಿ ಅಥವಾ ಮರಣದಂಡನೆಯ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಲೇಬೇಕು ಎಂದಿದೆ ಈಗಿನ ಕಾನೂನು. ಸಾಕ್ಷಿ ತಾನಾಗಿಯೇ ಕೋರ್ಟಿಗೆ ಹೋಗಿ “ನನ್ನ ಹೇಳಿಕೆ ಬರೆದುಕೊಳ್ಳಿ” ಎಂದರೆ ನಡೆಯದು. 1999ರ ಜೋಗೇಂದ್ರ ನಾಹಕ್ ತೀರ್ಪು ಆ ಬಾಗಿಲು ಮುಚ್ಚಿದೆ. ಹಾಗಾಗಿ ತನಿಖಾಧಿಕಾರಿಗೆ ಅರ್ಜಿ ಕೊಡಿ, ವಾರದಲ್ಲಿ ಆಗದಿದ್ದರೆ ಎಸ್‌ಪಿ ಅಥವಾ ಡಿಸಿಪಿಗೆ. 183ರ ಹೇಳಿಕೆಯೊಂದರಿಂದಲೇ ಶಿಕ್ಷೆ ಆಗುವುದಿಲ್ಲ. ಅದರ ಉಪಯೋಗ ಬೇರೆ: ಸಾಕ್ಷಿ ನಾಳೆ ತಿರುಗಿದರೆ ಸುಳ್ಳು ಸಾಕ್ಷ್ಯದ ಕೇಸು (ಬಿಎನ್‌ಎಸ್ 229) ತಲೆ ಮೇಲೆ ತೂಗುತ್ತದೆ.

ಬೆದರಿಕೆ ಬಂದರೆ ಸಾಕ್ಷಿ ರಕ್ಷಣಾ ಯೋಜನೆ, 2018. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಇದನ್ನು ದೇಶಕ್ಕೆಲ್ಲ ಕಾನೂನು ಎಂದಿತು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಗೆ, ಅಭಿಯೋಜನೆಯ ಮುಖ್ಯಸ್ಥರ ಮೂಲಕ. ಎಸಿಪಿ ಅಥವಾ ಡಿವೈಎಸ್‌ಪಿ ದರ್ಜೆಯವರು ಐದು ಕೆಲಸದ ದಿನಗಳಲ್ಲಿ ಬೆದರಿಕೆಯ ವರದಿ ಕೊಡಬೇಕು, ವರದಿ ಬಂದ ಐದು ದಿನದಲ್ಲಿ ಸಮಿತಿ ಆದೇಶ ಮಾಡಬೇಕು. ರಕ್ಷಣೆ ಒಂದು ಸಲಕ್ಕೆ ಮೂರು ತಿಂಗಳು ಮೀರುವುದಿಲ್ಲ. ಇಲ್ಲಿಯೇ ಜನ ಎಡವುವುದು. ಮೂರು ತಿಂಗಳು ಮುಗಿಯುವ ಎರಡು ವಾರ ಮುಂಚೆ ಮತ್ತೆ ಅರ್ಜಿ ಹಾಕದಿದ್ದರೆ ಕಾವಲಿನವರು ಸದ್ದಿಲ್ಲದೆ ಹೊರಟುಹೋಗುತ್ತಾರೆ, ಸಾಕ್ಷಿ ಕಟಕಟೆ ಏರುವ ವಾರವೇ ಒಂಟಿ. ಅರ್ಜಿಯಲ್ಲಿ “ಭಯವಾಗುತ್ತಿದೆ” ಎಂದು ಬರೆದರೆ ಸಾಲದು. ತಾರೀಕು, ಹೊತ್ತು, ನಂಬರು, ಆಡಿದ ಮಾತು ಇರಲಿ. ಬೆದರಿಕೆ ಹಾಕುವುದೇ ಪ್ರತ್ಯೇಕ ಅಪರಾಧ, ಬಿಎನ್‌ಎಸ್ 232.

ಫೋನ್ ರೆಕಾರ್ಡಿಂಗ್ ಇದ್ದರೆ ವಾಟ್ಸ್‌ಆಪ್‌ನಲ್ಲಿ ಹತ್ತು ಕಡೆ ಕಳಿಸಬೇಡಿ. ಮೂಲ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು. ಈಗ ಅದು ಎರಡು ಭಾಗ, ಒಂದು ಸಾಧನ ಇಟ್ಟುಕೊಂಡವರದು, ಇನ್ನೊಂದು ತಜ್ಞರದು, ಜೊತೆಗೆ ಹ್ಯಾಶ್ ಸಂಖ್ಯೆ, ಅಂದರೆ ಕಡತ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು.

ದಿನಾಂಕ ಕಾಯಿರಿ. ಮುಖ್ಯ ವಿಚಾರಣೆ ಇವತ್ತು, ಪಾಟೀ ಸವಾಲು ಆರು ತಿಂಗಳ ಮೇಲೆ ಎಂದರೆ ಆ ಆರು ತಿಂಗಳು ಸಾಕ್ಷಿಯ ಮನೆಗೆ ನೆಂಟರು ಬರುವ ಕಾಲ. ಪಂಜಾಬಿನ ವಿನೋದ್ ಕುಮಾರ್ ಪ್ರಕರಣದಲ್ಲಿ (2015) ಈ ಅಂತರ ಇಪ್ಪತ್ತು ತಿಂಗಳಾಗಿತ್ತು, ಸಾಕ್ಷಿ ಅಷ್ಟರಲ್ಲಿ ತಿರುಗಿದ್ದ. ಸುಪ್ರೀಂ ಕೋರ್ಟ್ ಕಟುವಾಗಿಯೇ ಬರೆಯಿತು. ಮುಂದೂಡಿಕೆ ಕೇಳಿದಾಗಲೆಲ್ಲ ಬಿಎನ್‌ಎಸ್‌ಎಸ್ 346 ತೋರಿಸಿ, ಅದೇ ದಿನ ಅಥವಾ ಮರುದಿನ ಪಾಟೀ ಸವಾಲು ಆಗಲಿ ಎಂದು ನಿಮ್ಮ ವಕೀಲರು ಮೆಮೊ ಹಾಕಲಿ.

ಇಷ್ಟಾದರೂ ಒಬ್ಬ ತಿರುಗಿಬಿದ್ದರೆ? ಎದೆಗುಂದಬೇಕಿಲ್ಲ. ತಿರುಗಿದ ಸಾಕ್ಷಿಯ ಮಾತು ಪೂರ್ತಿ ಅಳಿಸಿಹೋಗುವುದಿಲ್ಲ. ಬೇರೆ ಸಾಕ್ಷ್ಯದೊಡನೆ ಹೊಂದುವ ಭಾಗವನ್ನು ಕೋರ್ಟ್ ತೆಗೆದುಕೊಳ್ಳಬಹುದು. ಅಭಿಯೋಜಕರು ಆ ಕ್ಷಣವೇ ಅನುಮತಿ ಕೇಳಿ ತಮ್ಮದೇ ಸಾಕ್ಷಿಯನ್ನು ಪಾಟೀ ಸವಾಲಿಗೆ ಒಳಪಡಿಸಬೇಕು, ಹಿಂದಿನ ಹೇಳಿಕೆಯ ಸಾಲು ಸಾಲನ್ನೂ ಮುಂದಿಡಬೇಕು. ಸುಮ್ಮನೆ ಕೂತರೆ ಆ ಸಾಲುಗಳು ದಾಖಲೆಗೇ ಬರುವುದಿಲ್ಲ.

ರಾಜಿಯ ಮಾತು. ಯಾರೋ ಹಿರಿಯರು ಬರುತ್ತಾರೆ, “ಹೋದ ಜೀವ ಬರುತ್ತಾ, ನಾವು ನಾವು ಕೂತು ಮುಗಿಸೋಣ” ಎನ್ನುತ್ತಾರೆ. ಕೊಲೆ ಕೇಸು ರಾಜಿಯಾಗುವಂಥದ್ದಲ್ಲ. ಸಹಿ ಹಾಕಿದ ಅಫಿಡವಿಟ್ಟು ಕೇಸನ್ನು ಮುಗಿಸುವುದಿಲ್ಲ, ಆದರೆ ನಿಮ್ಮ ಸಾಕ್ಷ್ಯವನ್ನು ಮುಗಿಸುತ್ತದೆ. ಖಾಲಿ ಛಾಪಾ ಕಾಗದಕ್ಕಂತೂ ಯಾರ ಮುಲಾಜಿಗೂ ಸಹಿ ಬೇಡ.

ಪ್ರಯೋಗಾಲಯಕ್ಕೆ ಏನು ಕೇಳುತ್ತೀರಿ

ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ತಾನಾಗಿ ಮಾತಾಡುವುದಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಎರಡು ಖಾಲಿ ತೋಟಾ ಒಂದೇ ಪಿಸ್ತೂಲಿನವೇ ಎಂದು ಹೇಳಲು ಸಾಮಾನ್ಯವಾಗಿ ಆ ಪಿಸ್ತೂಲು ಬೇಕು. ಅದರಿಂದ ಪರೀಕ್ಷಾ ಗುಂಡು ಹಾರಿಸಿ, ಪಿನ್ನು ಹೊಡೆದ ಗುರುತನ್ನು ಸೂಕ್ಷ್ಮದರ್ಶಕದಡಿ ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. .22 ತೋಟಾದಲ್ಲಿ ಪಿನ್ನು ನಡುವಿಗಲ್ಲ, ಅಂಚಿಗೆ ಬಡಿಯುತ್ತದೆ. ಜೆಸ್ಸಿಕಾ ಪ್ರಕರಣದಲ್ಲಿ ಪಿಸ್ತೂಲೇ ಇಲ್ಲದೆ ಖಾಲಿ ತೋಟಾಗಳನ್ನು ತಜ್ಞರಿಗೆ ತೋರಿಸಿ ಅಭಿಪ್ರಾಯ ಕೇಳಲಾಯಿತು. ಎರಡು ಬೇರೆ ಆಯುಧಗಳಿಂದ ಬಂದಂತಿದೆ ಎಂಬ ಮಾತು ದಾಖಲಾಯಿತು. ಪ್ರತಿವಾದಿಗಳ ಎರಡು ಬಂದೂಕಿನ ಕತೆಗೆ ಅದೇ ಬೆನ್ನೆಲುಬು. ಆ ತಜ್ಞರ ಮೇಲಿನ ಸುಳ್ಳು ಸಾಕ್ಷ್ಯದ ಕ್ರಮವನ್ನು 2016ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆಯುಧ ಬೇಕು ಎಂದು ಅವರು ಮೊದಲೇ ಹೇಳಿದ್ದರು, ಒತ್ತಾಯದ ಮೇಲೆ ಅಭಿಪ್ರಾಯ ಕೊಟ್ಟಿದ್ದರು. ತಪ್ಪಿದ್ದು ಪ್ರಶ್ನೆ.

ಚಾರ್ಜ್‌ಶೀಟಿನ ಪ್ರತಿ ಸಿಕ್ಕಾಗ ಎಫ್‌ಎಸ್‌ಎಲ್‌ಗೆ ಬರೆದ ಪತ್ರವನ್ನು ಹುಡುಕಿ ಓದಿ. ಜಪ್ತಿಯ ತಾರೀಕು, ಮುದ್ದಾಮಾಲು ರಿಜಿಸ್ಟರಿನ ತಾರೀಕು, ಪ್ರಯೋಗಾಲಯ ಸ್ವೀಕರಿಸಿದ ತಾರೀಕು, ಮೊಹರಿನ ಗುರುತು, ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡರೆ ಎಲ್ಲಿ ದಿನಗಳು ಕಾಣೆಯಾಗಿವೆ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆರೋಪಿಯ ಹೆಸರಲ್ಲಿ ಬಂದೂಕು ಪರವಾನಗಿ ಇದ್ದರೆ ಅದರ ಕಡತವನ್ನೂ ತರಿಸಲು ಒತ್ತಾಯಿಸಿ. ಮನು ಶರ್ಮಾ ಹೆಸರಲ್ಲಿ .22 ಬೆರೆಟಾ ಪಿಸ್ತೂಲಿನ ಪರವಾನಗಿ ಇತ್ತು, ಪಿಸ್ತೂಲು ಮಾತ್ರ ಕೋರ್ಟಿನ ಮುಂದೆ ಬರಲೇ ಇಲ್ಲ. ಆ ಗೈರುಹಾಜರಿಯೇ ಅವನ ವಿರುದ್ಧ ವಾದವಾಯಿತು.

ಜಾಮೀನು

ಕೊಲೆ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗುತ್ತದೆ (ಬಿಎನ್‌ಎಸ್‌ಎಸ್ 187). ಕ್ಯಾಲೆಂಡರಿನಲ್ಲಿ 60 ಮತ್ತು 80ನೇ ದಿನಕ್ಕೆ ಗುರುತು ಹಾಕಿಟ್ಟು ತನಿಖಾಧಿಕಾರಿಗೆ ನೆನಪೋಲೆ ಕಳಿಸಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸುವುದು ಅವರ ಕರ್ತವ್ಯ, 193(3). ಜಾಮೀನು ವಿಚಾರಣೆಯಲ್ಲಿ ನಿಮ್ಮ ಮಾತು ಕೇಳಬೇಕು ಎಂದು ಜಗಜೀತ್ ಸಿಂಗ್ ಪ್ರಕರಣದಲ್ಲಿ (2022) ಸುಪ್ರೀಂ ಕೋರ್ಟ್ ಹೇಳಿದೆ.

ವಾದಿಸುವಾಗ “ಅವರು ಶ್ರೀಮಂತರು” ಎಂಬುದು ಕೆಲಸಕ್ಕೆ ಬಾರದ ವಾಕ್ಯ. ಯಾವ ಸಾಕ್ಷಿ ಯಾರ ಸಂಬಳದಲ್ಲಿದ್ದಾನೆ, ಯಾರಿಗೆ ಕರೆ ಹೋಯಿತು, ಪಾಸ್‌ಪೋರ್ಟ್ ಎಲ್ಲಿದೆ, ಇವು ಕೆಲಸಕ್ಕೆ ಬರುತ್ತವೆ. ಜೆಸ್ಸಿಕಾ ಪ್ರಕರಣದ ಸಹ ಆರೋಪಿ, ರಾಜಕಾರಣಿ ಡಿ.ಪಿ. ಯಾದವ್ ಅವರ ಮಗ ವಿಕಾಸ್ ಯಾದವ್ ಜಾಮೀನಿನ ಮೇಲಿದ್ದಾಗಲೇ, 2002ರ ಫೆಬ್ರವರಿಯಲ್ಲಿ, ನಿತೀಶ್ ಕಟಾರಾ ಕೊಲೆಯಾಯಿತು. ಆ ಕೊಲೆಗೆ ಅವನಿಗೆ ಶಿಕ್ಷೆಯಾಗಿದೆ. ಕೊಟ್ಟ ಜಾಮೀನನ್ನು ರದ್ದು ಮಾಡಿಸುವ ದಾರಿ 483(3). ಗುಂಡಿನ ಕೇಸಲ್ಲದಿದ್ದರೂ ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ: ನಟ ದರ್ಶನ್ ಅವರಿಗೆ ಕರ್ನಾಟಕ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದು ಜಾಮೀನಿನ ಬಗೆಗಿನ ಆದೇಶ, ಅಪರಾಧದ ತೀರ್ಪಲ್ಲ. ಎರಡನ್ನೂ ಕಲಸಿ ಪೋಸ್ಟ್ ಹಾಕುವವರೇ ಹೆಚ್ಚು.

ಜನರ ಸಿಟ್ಟನ್ನು ಎತ್ತ ತಿರುಗಿಸಬೇಕು

2006ರ ಖುಲಾಸೆಯ ನಂತರ ಇಂಡಿಯಾ ಗೇಟಿನಲ್ಲಿ ಮೇಣದಬತ್ತಿ, ಟಿವಿಗೆ ಲಕ್ಷಗಟ್ಟಲೆ ಎಸ್‌ಎಂಎಸ್. ಅದರಿಂದಲೇ ಶಿಕ್ಷೆಯಾಯಿತು ಎನ್ನುವುದು ಅರ್ಧ ಸತ್ಯ. ಸಿಟ್ಟು ಮಾಡಿಸಿದ್ದು ಮೇಲ್ಮನವಿ ಬೇಗ ದಾಖಲಾಗಿ, ಹೈಕೋರ್ಟಿನಲ್ಲಿ ದಿನವೂ ವಿಚಾರಣೆ ನಡೆಯುವುದನ್ನು. ಶಿಕ್ಷೆ ಮಾಡಿಸಿದ್ದು ಮೊದಲೇ ಕಡತದಲ್ಲಿದ್ದ ಸಾಕ್ಷ್ಯ. ಕಡತದಲ್ಲಿ ಇಲ್ಲದ್ದನ್ನು ಯಾವ ಮೆರವಣಿಗೆಯೂ ತರಲಾರದು.

ಆದ್ದರಿಂದ ಬೇಡಿಕೆ ಪಟ್ಟಿಯಲ್ಲಿ “ಗಲ್ಲಿಗೇರಿಸಿ” ಬಿಟ್ಟು ಇವನ್ನು ಬರೆಯಿರಿ: ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ವಕೀಲಿಕೆಯ ವಿಶೇಷ ಸರ್ಕಾರಿ ಅಭಿಯೋಜಕರ ನೇಮಕ, ಸಾಕ್ಷಿಗಳ ರಕ್ಷಣೆ, ದಿನವಹಿ ವಿಚಾರಣೆ, ಎಫ್‌ಎಸ್‌ಎಲ್ ವರದಿಗೆ ಗಡುವು. ಪ್ರತಿಯೊಂದರ ಮುಂದೆಯೂ ಅದನ್ನು ಮಾಡಬೇಕಾದ ಅಧಿಕಾರಿಯ ಹುದ್ದೆ ಇರಲಿ. ಕೇಸಿಗೆ ಕೋರ್ಟ್ ಕೊಡುವ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆಯನ್ನು ಇ-ಕೋರ್ಟ್ಸ್ ಆಪ್‌ಗೆ ಹಾಕಿದರೆ ಮುಂದಿನ ದಿನಾಂಕ, ಮುಂದೂಡಿಕೆ ಎಲ್ಲ ಕಾಣುತ್ತದೆ. ತಿಂಗಳಿಗೊಮ್ಮೆ ಆ ಲೆಕ್ಕ ಹಂಚಿಕೊಳ್ಳುವ ಹತ್ತು ಜನ, ಒಂದು ದಿನ ಕೂಗಿ ಹೋಗುವ ಸಾವಿರ ಜನಕ್ಕಿಂತ ಹೆಚ್ಚು ಕಾಡುತ್ತಾರೆ.

ಒಂದು ತಪ್ಪನ್ನು ಮಾತ್ರ ಮಾಡಲೇಬೇಡಿ: ಗುರುತು ಪತ್ತೆ ಪರೇಡ್ ಮುಗಿಯುವ ಮೊದಲು ಆರೋಪಿಯ ಫೋಟೊ ಹಂಚುವುದು. ತನ್ನ ಫೋಟೊ ಆಗಲೇ ಪತ್ರಿಕೆಗಳಲ್ಲಿ ಬಂದಿದೆ, ಸಾಕ್ಷಿಗಳಿಗೂ ತೋರಿಸಿದ್ದಾರೆ ಎಂಬ ನೆಪದಲ್ಲಿ ಮನು ಶರ್ಮಾ ಪರೇಡಿಗೆ ನಿಲ್ಲಲು ಒಪ್ಪಲಿಲ್ಲ. ಕೋರ್ಟಿನಲ್ಲೇ ಗುರುತಿಸಿದ್ದನ್ನು ಮೇಲಿನ ನ್ಯಾಯಾಲಯಗಳು ಒಪ್ಪಿದವು ನಿಜ, ಆದರೆ ಎದುರಿನವರ ಕೈಗೆ ಪುಗಸಟ್ಟೆ ವಾದವೊಂದು ಸಿಕ್ಕಿತ್ತು. ಸಾಕ್ಷಿಗಳ ಹೆಸರು, ಮನೆ, ಮುಖ ಹಾಕುವುದು ಇನ್ನೂ ಕೆಟ್ಟದ್ದು. ನೀವು ಮೆಚ್ಚುಗೆಯಿಂದ ಹಾಕಿದ ಫೋಟೊ ಬೆದರಿಸುವವನಿಗೆ ವಿಳಾಸ. ಮಾಧ್ಯಮಗಳು ತೀರ್ಪು ಬರೆಯಬಾರದು ಎಂದು 2010ರ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಎಚ್ಚರಿಸಿದೆ.

ಖುಲಾಸೆಯಾದರೆ, ಶಿಕ್ಷೆಯಾದರೆ

ಖುಲಾಸೆಯಾದ ದಿನವೇ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಸರ್ಕಾರ ಮೇಲ್ಮನವಿಗೆ ಹೋಗುತ್ತದೋ ಇಲ್ಲವೋ ಎಂದು ಕಾಯುತ್ತ ಕೂರಬೇಕಿಲ್ಲ. ಬಿಎನ್‌ಎಸ್‌ಎಸ್ 413ರ ಪ್ರಕಾರ ಸಂತ್ರಸ್ತರೇ ಹೋಗಬಹುದು, ಸರ್ಕಾರದಂತೆ ಮೊದಲು ಹೈಕೋರ್ಟಿನ ಅನುಮತಿಯನ್ನೂ ಕೇಳಬೇಕಿಲ್ಲ. ಇದನ್ನು 2018ರಲ್ಲಿ ಸ್ಪಷ್ಟ ಮಾಡಿದ್ದು ನಮ್ಮ ರಾಜ್ಯದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣ. 90 ದಿನದೊಳಗೆ ಹಾಕಿಬಿಡಿ, ತಡದ ತಕರಾರೇ ಏಳದು. ಶಿಕ್ಷೆ ಕಡಿಮೆಯಾಯಿತು ಎಂಬ ಕಾರಣಕ್ಕೆ ಮಾತ್ರ ಈ ಕಲಮಿನಡಿ ಹೋಗಲಾಗದು.

ಶಿಕ್ಷೆಯಾದರೂ ಕಡತ ಕಟ್ಟಿಡಬೇಡಿ. 2009ರ ಸೆಪ್ಟೆಂಬರಿನಲ್ಲಿ ತಾಯಿಯ ಅನಾರೋಗ್ಯ, ಅಜ್ಜಿಯ ಉತ್ತರಕ್ರಿಯೆ, ಮನೆಯ ವ್ಯವಹಾರ ಎಂಬ ಕಾರಣಗಳಿಗೆ ಮನು ಶರ್ಮಾಗೆ 30 ದಿನದ ಪೆರೋಲ್ ಸಿಕ್ಕಿತು, ಆಮೇಲೆ ಅದು ಬೆಳೆಯಿತು. ದೆಹಲಿಯ ನೈಟ್‌ಕ್ಲಬ್ಬಿನಲ್ಲಿ ಕಾಣಿಸಿಕೊಂಡ ಸುದ್ದಿ ಬಂದ ಮೇಲೆ ನವೆಂಬರ್ 10ಕ್ಕೆ ಜೈಲಿಗೆ ಮರಳಿದ. ಪೆರೋಲ್ ಅಥವಾ ಅವಧಿಪೂರ್ವ ಬಿಡುಗಡೆಯ ಪ್ರಸ್ತಾವ ಬಂದರೆ ತಿಳಿಸಬೇಕು ಎಂದು ಜೈಲಿನ ಮುಖ್ಯ ಅಧೀಕ್ಷಕರಿಗೂ ಗೃಹ ಇಲಾಖೆಗೂ ಮೊದಲೇ ಒಂದು ಪತ್ರ ಕೊಟ್ಟು ಹಿಂಬರಹ ಪಡೆಯಿರಿ. ಮನೆ ಬದಲಿಸಿದಾಗಲೆಲ್ಲ ಹೊಸ ವಿಳಾಸ ಕಳಿಸಿ, ನೋಟಿಸು ಹಳೆಯ ಮನೆಗೆ ಹೋಗಿ ವಾಪಸ್ ಬಂದರೆ “ಆಕ್ಷೇಪಣೆ ಇಲ್ಲ” ಎಂದೇ ಬರೆದುಕೊಳ್ಳುವವರಿದ್ದಾರೆ. ಮರಣದಂಡನೆ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಆದವರನ್ನು 14 ವರ್ಷ ತುಂಬುವ ಮೊದಲು ಕ್ಷಮಾದಾನದಡಿ ಬಿಡುವಂತಿಲ್ಲ (475). ಬಿಡುವ ಅಧಿಕಾರ ವಿಚಾರಣೆ ನಡೆದ ರಾಜ್ಯದ ಸರ್ಕಾರದ್ದು, ಬಿಲ್ಕಿಸ್ ಬಾನು ಪ್ರಕರಣದ 2024ರ ಜನವರಿ 8ರ ತೀರ್ಪು ಇದನ್ನು ಮತ್ತೆ ಹೇಳಿತು.

ಆಕ್ಷೇಪಿಸಲೇಬೇಕು ಎಂದೇನಿಲ್ಲ. ಹತ್ತೊಂಬತ್ತು ವರ್ಷ ಈ ಕೇಸಿನ ಹಿಂದೆ ಅಲೆದ ಜೆಸ್ಸಿಕಾರ ತಂಗಿ ಸಬ್ರೀನಾ ಲಾಲ್, ಬಿಡುಗಡೆಗೆ ತಮ್ಮ ಅಭ್ಯಂತರವಿಲ್ಲ ಎಂದು 2018ರಲ್ಲಿ ತಿಹಾರ್ ಜೈಲಿಗೆ ಬರೆದರು. 2020ರ ಜೂನ್ ಆರಂಭದಲ್ಲಿ ಮನು ಶರ್ಮಾ ಹೊರಬಂದ.